ಬೆಳಿಗ್ಗೆ ಆರು ಹದಿನಾಲ್ಕರ ಹಾಲು

ಆ ದಿನ ಎದ್ದವಳು ಮಾಡಿದ ಕೆಲಸ ಇಷ್ಟು. ಅಂಗಳ ಗುಡಿಸಿ ನೀರು ಹಾಕಿದೆ. ಸ್ನಾನದ ಒಲೆಗೆ ಬೆಂಕಿ ಮಾಡಿದೆ. ಚಹಾ ಕಾಸಿ ಮೂರು ಲೋಟಕ್ಕೆ ಬಗ್ಗಿಸಿದೆ. ಮೊಸರಿನ ಗಡಿಗೆ ತೊಳೆದು ಬಿಸಿಲು ಬರುವ ಕಡೆ ಬೋರಲು ಹಾಕಿದೆ. ಐದೂವರೆಗೆ ಹಾಲಿನ ಡೈರಿ ಬಾಗಿಲು ತೆಗೆದು, ಕ್ಯಾನುಗಳಿಗೆ ಬಿಸಿನೀರು ಹೊಯ್ದು, ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಎರಡನ್ನೂ ಚಾಲೂ ಮಾಡಿದೆ.

ಸವಳಂಗದ ಹತ್ತಿರದ ನಮ್ಮೂರಲ್ಲಿ ಡೈರಿಯ ಕಾರ್ಯದರ್ಶಿ ನಾನೇ. ಸಹಾಯಕ್ಕಿದ್ದ ಹುಡುಗಿ ಹೆರಿಗೆಗೆಂದು ಹೊನ್ನಾಳಿಯ ತವರಿಗೆ ಹೋಗಿದ್ದರಿಂದ ಹಾಲು ಪರೀಕ್ಷೆ ಮಾಡುವವಳೂ ನಾನೇ. ಏಳೂವರೆಗೆ ಹಾಲಿನ ಗಾಡಿ ಬಂದು ಹತ್ತು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಅರವತ್ತು ಮನೆಯ ಹಾಲು ಕ್ಯಾನಿನಲ್ಲಿರಬೇಕು. ಇಲ್ಲದಿದ್ದರೆ ಅಷ್ಟೂ ಹಾಲು ಅಲ್ಲೇ ಒಡೆಯುತ್ತದೆ.

ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವರು ನಮ್ಮ ಅತ್ತೆ. ಅವತ್ತೂ ಹಾಲು ಸುರಿದು, ಯಂತ್ರ ಕೊಟ್ಟ ಚೀಟಿಯನ್ನು ದೂರ ಹಿಡಿದು ಓದಿದರು.

"ಏನವ್ವಾ, ಫ್ಯಾಟ್ ಆರು ಪಾಯಿಂಟ್ ಎರಡಾ? ನಿನ್ನೆ ಆರೂವರೆ ಇತ್ತು. ಒಂದೇ ರಾತ್ರಿಗೆ ನಮ್ಮೆಮ್ಮೆ ಬಡವಾತಾ?"

"ಹೇಳಿದ್ದು ಯಂತ್ರ ಅತ್ತೆ, ನಾನಲ್ಲ."

"ಆ ಯಂತ್ರ ನಿನ್ನ ತವರಿಂದ ಬಂದಿರ್ಬೇಕು ಬಿಡು."

ಸಾಲಿನವರೆಲ್ಲ ನಕ್ಕರು. ಅತ್ತೆ ಹೊರಗಿನ ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು.

ಅರ್ಧ ಗಂಟೆಯೂ ಆಗಿರಲಿಲ್ಲ, ಖಾಲಿ ಹಾಲಿನ ಕ್ಯಾನು ಕಟ್ಟೆಯಿಂದ ಉರುಳಿದ ಸದ್ದಾಯಿತು. ಓಡಿ ಬಂದು ನೋಡಿದೆ. ಅತ್ತೆಯ ಬಲಗೈ ತೊಡೆ ಮೇಲೆ ಸತ್ತಂತೆ ಬಿದ್ದಿತ್ತು, ಬಾಯಿ ಎಡಕ್ಕೆ ಎಳೆದಿತ್ತು. ಏನೋ ಹೇಳಲು ಹೊರಟರು, ಮಾತಾಗಲಿಲ್ಲ.

"ಲಕ್ವ ಹೊಡೀತು. ಔಷಧಿ ಎಣ್ಣೆ ತಿಕ್ಕೋರ ಹತ್ರ ಕರ್ಕೊಂಡು ಹೋಗ್ರಿ," ಅಂತ ಒಬ್ಬರೆಂದರು.

"ಎಣ್ಣೆ ಆಮೇಲೆ ತಿಕ್ಕಾನ, ಮೊದ್ಲು ಶಿವಮೊಗ್ಗ!" ಅಂತ ಕೂಗಿದೆ.

ನಮ್ಮ ಮನೆಯವರು ಪಕ್ಕದ ಮನೆಯ ಓಮ್ನಿ ತಂದರು. ಅತ್ತೆಯನ್ನು ಮಲಗಿಸಿ ನಾನೂ ಒಂದು ಕಾಲು ಒಳಗಿಟ್ಟೆ. ತಿರುಗಿ ನೋಡಿದರೆ ಇನ್ನೂ ಮೂವತ್ತು ಜನ ಹಾಲು ಹಿಡಿದು ನಿಂತಿದ್ದರು.

"ಹೋಗವ್ವಾ, ಒಂದಿನದ ಹಾಲು ಹಾಳಾದ್ರೆ ಆಗ್ಲಿ," ಅಂದರು ಸಾಲಿನ ಹಿರಿಯರೊಬ್ಬರು. ಹಾಗೆನ್ನುವಾಗಲೂ ಅವರ ಕೈ ಕ್ಯಾನಿನ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿಕೊಂಡೇ ಇತ್ತು.

"ನಾನು ಅದೀನಲ್ಲ, ನೀನು ಗಾಡಿ ಕಳ್ಸಿ ಬಾ," ಅಂದರು ನಮ್ಮ ಮನೆಯವರು. ನಾನು ಕಾಲು ಕೆಳಗಿಟ್ಟೆ. ಅದು ಸರಿಯೋ ತಪ್ಪೋ, ನನಗೆ ಇನ್ನೂ ಗೊತ್ತಿಲ್ಲ.

ದಿನಾ ಒಂದು ಹನಿಗೆ ಜಗಳ ಕಾಯುವ ಜನ ಅವತ್ತು ಫ್ಯಾಟ್ ಎಷ್ಟು ಅಂತ ಕಣ್ಣೆತ್ತಿ ನೋಡಲಿಲ್ಲ. ಒಬ್ಬಾಕೆ ಸೋಸುವ ಬಟ್ಟೆ ಹಿಡಿದಳು, ಇನ್ನೊಬ್ಬರು ತುಂಬಿದ ಕ್ಯಾನು ಬಾಗಿಲಿಗೆ ಒಯ್ದರು. ಹಾಲು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಏಳೂಕಾಲಿಗೆ ಸಾಲು ಮುಗಿದಿತ್ತು. ಗಾಡಿ ಹೋಗಿದ್ದೇ ತಡ, ಒಬ್ಬರ ಬೈಕಿನ ಹಿಂದೆ ಕೂತು ಹೊರಟೆ.

ಆಸ್ಪತ್ರೆ ತಲುಪಿದಾಗ ತಲೆಯ ಸ್ಕ್ಯಾನ್ ಮುಗಿದಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮ ಮನೆಯವರನ್ನು ಕೇಳುತ್ತಿದ್ದರು: "ಯಾವಾಗಿಂದ ಹೀಗೆ?"

ನಮ್ಮ ಕಡೆ ಒಂದು ರೂಢಿ ಇದೆ. ಡಾಕ್ಟರಿಗೆ ಇದ್ದಷ್ಟೇ ಹೇಳಿದರೆ ಲಕ್ಷ್ಯ ಕೊಡುವುದಿಲ್ಲ ಅಂತ ಒಂದು ದಿನದ ಜ್ವರವನ್ನು ನಾಲ್ಕು ದಿನದ್ದು ಅನ್ನುತ್ತೇವೆ. ಇವರೂ ಅದನ್ನೇ ಮಾಡಿದರು.

"ನಿನ್ನೆಯಿಂದ್ಲೇ ಸರಿ ಇಲ್ರೀ ಡಾಕ್ಟ್ರೇ. ಭಾಳ ಸುಸ್ತು ಅಂತಿದ್ರು."

ಡಾಕ್ಟರಮ್ಮನ ಮುಖ ಸಪ್ಪಗಾಯಿತು. "ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದನ್ನ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗಾದ್ರೆ ಮಾತ್ರ ಕೊಡಬಹುದು. ನಿನ್ನೆಯಿಂದ ಅಂದ್ರೆ ಆಗಲ್ಲ. ಕೈ, ಮಾತು ಹೀಗೇ ಉಳೀಬಹುದು."

"ಇಲ್ರೀ, ಇವತ್ತೇ ಆಗಿದ್ದು! ನಾನು ಸುಮ್ನೆ ಹೇಳ್ದೆ," ಅಂತ ಇವರು ತೊದಲಿದರು.

"ಈಗ ನಿನ್ನೆ ಅಂದ್ರಿ, ಈಗ ಇವತ್ತು ಅಂತೀರಿ. ಹೊತ್ತು ಮೀರಿ ಕೊಟ್ರೆ ತಲೆಯಲ್ಲಿ ರಕ್ತ ಒಸರುತ್ತೆ. ಯಾವುದನ್ನ ನಂಬಲಿ?"

ನಾನು ಅತ್ತೆಯ ಸೊಂಟಕ್ಕೆ ಕೈ ಹಾಕಿ ಎಲೆಯಡಿಕೆ ಚೀಲ ಎಳೆದೆ. ನನ್ನ ಮೇಲೆ ತಕರಾರು ಹೇಳಲು ಅವರು ಡೈರಿ ಚೀಟಿಗಳನ್ನೆಲ್ಲ ಅದರಲ್ಲೇ ಇಡುತ್ತಿದ್ದರು. ಮೇಲಿದ್ದ ಚೀಟಿಯಲ್ಲಿ ಆ ದಿನದ ತಾರೀಕು, ಸಮಯ ಆರು ಹದಿನಾಲ್ಕು.

"ಆ ಹೊತ್ತಿಗೆ ಇದೇ ಬಲಗೈಲಿ ಹಾಲು ಸುರಿದ್ರು ಮೇಡಂ. ನನ್ನ ಜೊತೆ ಜಗಳಾನೂ ಆಡಿದ್ರು."

"ಜಗಳ? ಮಾತು ಸ್ಪಷ್ಟ ಇತ್ತಾ?"

"ಇಡೀ ಸಾಲು ಕೇಳಿ ನಕ್ಕೈತೆ ಮೇಡಂ."

ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿದರು. ಎಂಟೂ ಮುಕ್ಕಾಲು. ಆಮೇಲೆ ಅವರು ನಡೆಯಲಿಲ್ಲ, ಓಡಿದರು.

ಔಷಧಿ ನೀರಿನ ಹಾಗೆ ತಿಳಿಯಾಗಿತ್ತು. ಒಂದು ಗಂಟೆ ಹೊತ್ತು ಸಣ್ಣ ನಳಿಗೆಯಲ್ಲಿ ಇಳಿಯಿತು. ನಾನು ಗಾಜಿನಾಚೆ ನಿಂತಿದ್ದೆ. ಹನ್ನೊಂದರ ಸುಮಾರಿಗೆ ನರ್ಸ್ ಒಳಗೆ ಕರೆದು, "ಅಜ್ಜೀ, ಕೈ ಎತ್ರಿ ನೋಡಾನ," ಅಂದಳು. ಮೊದಲು ಕಿರುಬೆರಳು ಅಲುಗಿತು. ಆಮೇಲೆ ಅದರ ಪಕ್ಕದ್ದು. ಹುಟ್ಟಿದ ಕರು ನಾಲ್ಕು ಸಲ ಬಿದ್ದು ಐದನೇ ಸಲಕ್ಕೆ ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಕೈ ಹಾಸಿಗೆಯಿಂದ ಎದ್ದದ್ದು ಹಾಗೇ. ಮೇಲೆದ್ದಿತು, ಬಿತ್ತು, ಮತ್ತೆ ಎದ್ದು ನಿಂತಿತು. ನಾನು ಯಾರಿಗೆ ಅಂತ ಗೊತ್ತಿಲ್ಲದೆ ಕೈ ಮುಗಿದೆ.

ಮಾತು ಬಂದದ್ದು ಮಧ್ಯಾಹ್ನ. ನಾಲಿಗೆ ದಪ್ಪವಾಗಿತ್ತು. "ಸಂಜೆ... ಹಾಲು... ಯಾರು ಅಳೀತಾರೆ?"

"ಪಕ್ಕದ ಗೋವಿನಕೋವಿ ಡೈರಿಯವ್ರು ಬಂದು ಅಳೀತಾರಂತೆ ಅತ್ತೆ. ಫೋನ್ ಮಾಡಿದ್ರು."

"ಅವ್ರಾದ್ರೂ... ನೆಟ್ಟಗೆ ನೋಡ್ಲಿ," ಅಂದರು ಅತ್ತೆ.

ಸಂಜೆ ಅತ್ತೆಗೆ ನರ್ಸ್ ಚಮಚದಲ್ಲಿ ಗಂಜಿ ಕೊಟ್ಟಳು. ಆರು ಚಮಚ ಇಳಿಯಿತು. ಊರಿಂದ ಬಂದ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿತ್ತು. ನಾನು ಎರಡು ರೊಟ್ಟಿ ತಿಂದೆ. ಇವರು ಒಂದನ್ನೇ ಬಹಳ ಹೊತ್ತು ಮುರಿಯುತ್ತಾ ಕೂತಿದ್ದು, "ಇನ್ನು ಮ್ಯಾಲೆ ಡಾಕ್ಟ್ರಿಗೆ ಇದ್ದಿದ್ದು ಇದ್ದಂಗೇ ಹೇಳ್ತೀನಿ," ಅಂದರು. ಎಂಟು ಗಂಟೆಯೂ ಆಗಿರಲಿಲ್ಲ, ವರಾಂಡದ ಗೋಡೆಗೆ ಒರಗಿ ಎಲ್ಲರಿಗಿಂತ ಮೊದಲು ಮಲಗಿಬಿಟ್ಟರು. ಗಾಜಿನಾಚೆ ಅತ್ತೆ ಇನ್ನೂ ಎಚ್ಚರವಿದ್ದರು. ಬಲಗೈಯನ್ನು ಮುಖದ ಮುಂದೆ ಹಿಡಿದು, ಒಂದೊಂದೇ ಬೆರಳು ಮಡಚಿ ಬಿಚ್ಚಿ ನೋಡುತ್ತಿದ್ದರು.