ಚಿಗವ್ವ ಕೇಳಿ ಕಟ್ಟಿಸಿದ ನಡುಗೋಡೆ

ಆ ಗೋಡೆ ನನ್ನ ಎದೆಯವರೆಗೆ ಬರುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಅಷ್ಟು ಎತ್ತರ ಇದ್ದಿರಲಾರದು, ಸೊಂಟದವರೆಗೆ ಇದ್ದೀತು. ಅಂಜಿದವಳ ನೆನಪಿನಲ್ಲಿ ಬೆಳೆದಿರಬೇಕು. ಬಿಸಿಲಿತ್ತೋ ಮೋಡವಿತ್ತೋ, ಅದೂ ಖಾತ್ರಿಯಿಲ್ಲ. ಗುರುವಾರ ಎಂಬುದು ಮಾತ್ರ ನಿಜ, ಏಕೆಂದರೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಚಿಗವ್ವನಿಗೆ ರಜೆ ಅಂದೇ.

ನಾನು ಪುಣೆಯಿಂದ ಈ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಆಕೆಯ ಖೋಲಿ ಹೆದ್ದಾರಿಯ ಈಚೆ. ಸಂತೆ, ದವಾಖಾನೆ, ಕಾರ್ಖಾನೆಯ ಬಸ್ಸು ನಿಲ್ಲುವ ಜಾಗ ಎಲ್ಲ ಆಚೆ. ನಡುವೆ ಕಾಂಕ್ರೀಟಿನ ಜೋಡಿ ಗೋಡೆ, ಅವುಗಳ ಮಧ್ಯೆ ಕಣಗಿಲೆ ನೆಟ್ಟ ಇಕ್ಕಟ್ಟಾದ ಮಣ್ಣಿನ ಪಟ್ಟಿ. ಮೊದಲು ಅಲ್ಲೊಂದು ತೆರಪಿತ್ತು. ಗಾಡಿಗಳು ಅಲ್ಲೇ ತಿರುಗುತ್ತಿದ್ದವು, ಜನ ಅಲ್ಲೇ ದಾಟುತ್ತಿದ್ದರು. ತಿರುಗುವ ಟೆಂಪೊ ಬಡಿದು ಓಣಿಯ ಹೆಂಗಸೊಬ್ಬಳು ಸತ್ತಾಗ, ತೆರಪು ಮುಚ್ಚಿರಿ ಎಂದು ರಸ್ತೆಗೆ ಅಡ್ಡ ಕೂತವರಲ್ಲಿ ಚಿಗವ್ವನೂ ಇದ್ದಳು. ಮುಚ್ಚಿದರು. ನಡೆಯುವವರಿಗೆ ಏನೂ ಬಿಡಲಿಲ್ಲ. ಕೆಳಸೇತುವೆ ಬಹಳ ದೂರ. ಅಲ್ಲಿಂದ ಸುತ್ತಿ ಬಂದರೆ ಬಸ್ಸು ಸಿಗುವುದಿಲ್ಲ.

ಆ ದಿನ ನಾವು ಸಂತೆಗೆ ಹೊರಟಿದ್ದೆವು. ಗೋಡೆಯ ಬುಡ ಅಗಲ, ಮೇಲೆ ಕಿರಿದು. ಬಡಿದ ಗಾಡಿಯ ಚಕ್ರ ಆ ಇಳಿಜಾರು ಹತ್ತಿ ತನ್ನ ದಾರಿಗೇ ಮರಳಲಿ ಎಂದು ಹಾಗೆ ಮಾಡುತ್ತಾರೆಂದು ಆಮೇಲೆ ಓದಿದೆ. ಚಿಗವ್ವ ಸೀರೆ ಎತ್ತಿಕಟ್ಟಿ, ಅದೇ ಇಳಿಜಾರಿಗೆ ಕಾಲು ಕೊಟ್ಟು ಮೊದಲ ಗೋಡೆ ದಾಟಿಯೇ ಬಿಟ್ಟಳು. ನಾನು ಗೋಡೆಯ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತುಬಿಟ್ಟೆ.

“ಎಂ.ಎ. ಮಾಡಿದಾಕಿ, ಅದು ಕುದರಿ ಅಲ್ಲ, ಓಡಂಗಿಲ್ಲ. ಇಳಿ.”

ಇಳಿದೆ. ಮುಂದೆ ಕಂಟೇನರುಗಳ ಸಾಲು ಕಡಿಯಲೇ ಇಲ್ಲ. ಹಿಂದೆ ತಿರುಗಿದರೆ ಅಲ್ಲಿಯೂ ಹಾಗೇ. ಎರಡು ಗೋಡೆಗಳ ನಡುವೆ, ಕಣಗಿಲೆಗೆ ಬೆನ್ನು ಹಚ್ಚಿ ನಿಂತೆವು. ಲಾರಿ ಹೋದಾಗಲೆಲ್ಲ ಅಂಗೈ ಕೆಳಗೆ ಕಾಂಕ್ರೀಟು ನಡುಗುತ್ತಿತ್ತು. ಆಗ ನಾನು ಅಳುತ್ತಿದ್ದೆನಂತೆ. ಅದು ಚಿಗವ್ವ ಹೇಳುವ ಮಾತು, ನನಗೆ ನೆನಪಿಲ್ಲ.

“ದಿನಾ ಹಿಂಗೇನ?” ಎಂದೆ.

“ಮುಂಜಾನೆ ಭಾಳ ಇರಂಗಿಲ್ಲ. ಸಂಜಿಮುಂದ ಸ್ವಲ್ಪ ತ್ರಾಸ.”

“ಹಂಗಾದ್ರ ನಡಿಯಾವ್ರಿಗೆ ದಾರಿ ಬಿಡ್ರಿ ಅಂತ ಮತ್ತ ಹೋಗಿ ಕೇಳ್ರಿ.”

“ಯಾವ ಬಾಯಿಲೆ ಕೇಳೂದು? ಮುಚ್ಚೂತನಾ ಏಳಂಗಿಲ್ಲ ಅಂತ ಕೂತಾವ್ರು ನಾವ. ಸತ್ತಾಕಿ ಅವ್ವ ಇನ್ನೂ ನಮ್ಮ ಓಣ್ಯಾಗ ಅದಾಳ. ತೆರಿರಿ ಅಂದ ಮ್ಯಾಲ ಆಕಿ ಮಾರಿ ಹ್ಯಾಂಗ ನೋಡ್ಲಿ?”

ಸಾಲು ಕಡಿದದ್ದೇ ನನ್ನ ಕೈ ಹಿಡಿದೆಳೆದಳು, ಎರಡನೆಯ ಗೋಡೆ ಹೇಗೆ ಹತ್ತಿದೆನೋ ತಿಳಿಯದು.

ಬರುವಾಗ ನಾನು ಹಟ ಮಾಡಿದ್ದಕ್ಕೆ ಕೆಳಸೇತುವೆ ಸುತ್ತಿ ಬಂದೆವು. ದಾರಿಯುದ್ದಕ್ಕೂ ಮೊಣಕಾಲು ಹಿಡಿದು ಹಿಡಿದು ನಿಂತಳು. ಕೇಳಿದರೆ, ಚಪ್ಪಲಿ ಹೊಸವು ಎಂದಳು. ಅವು ಹಳೆಯವು.

ಮೊನ್ನೆ ಫೋನಿನಲ್ಲಿ ಒಂದು ಮಾತು ಕೇಳಿದೆ. ಬಸ್ಸು ಬಂತು ಎಂದು ಇಟ್ಟುಬಿಟ್ಟಳು. ನಿನ್ನೆ ಮತ್ತೆ ಕೇಳಿದೆ. ಊಟ ಆತೇನು ಎಂದಳು. ನಾನು ಕೇಳಿದ್ದು ಇಷ್ಟೇ:

“ಚಿಗವ್ವಾ, ಕಾಲು ಎತ್ತಾಕ ಬರಲಾರದ ದಿನ ಏನ್ ಮಾಡ್ತಿ?”