ಆಕಾಶದ ಕಲ್ಲು, ಬೀಜಕ್ಕೆ ಬಿಟ್ಟ ಹುಲ್ಲು

ಮೊನ್ನೆ ಚಳ್ಳಕೆರೆಯ ಹೋಟೆಲೊಂದರಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದೆ. ಮೆಣಸಿನಕಾಯಿಯ ಖಾರಕ್ಕೆ ಕಣ್ಣು ಒರೆಸಿಕೊಂಡು ತಲೆಯೆತ್ತಿದರೆ ಟಿವಿಯಲ್ಲಿ ರಾಕೆಟ್ ಏರುತ್ತಿತ್ತು. ಮುಂದೆಂದೋ ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹವೊಂದನ್ನು ಪರೀಕ್ಷಿಸಲು ನೌಕೆ ಹೊರಟಿತ್ತು. "ಹತ್ತಿರ ಹೋಗಿ ನೋಡದೆ ಅದರ ಗುಣ ತಿಳಿಯದು" ಎಂದರು ಒಬ್ಬ ವಿಜ್ಞಾನಿ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಚಪ್ಪಾಳೆ ತಟ್ಟಬೇಕಿತ್ತು. ಬಂದದ್ದು ಸಿಟ್ಟು.

ಎದುರಿಗೆ ಚಿಕ್ಕಪ್ಪ ಕೂತಿದ್ದ. ನಮ್ಮ ಹಟ್ಟಿಯ ದೇವರ ಎತ್ತು ಕಾಯುವ ಕಿಲಾರಿ. ಆ ಎತ್ತುಗಳನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಮೇಯಿಸಿ ಸಾಕಬೇಕು, ಅಷ್ಟೇ. ಮೇಯಿಸುತ್ತಿದ್ದ ಕಾವಲು, ಅಂದರೆ ಊರ ಹುಲ್ಲುಗಾವಲಿನ ಸುತ್ತ ಸರ್ಕಾರ ಈಗ ಗೋಡೆ ಕಟ್ಟಿಸಿದೆ. ಅವತ್ತು ಪೇಟೆಗೆ ಬಂದದ್ದೂ ಮೇವು ಹುಡುಕಿಕೊಂಡೇ. ಈ ಬೇಸಿಗೆ ದಾಟುವುದರೊಳಗೆ ಎಷ್ಟು ಎತ್ತು ಉಳಿಯುತ್ತವೋ ಅವನಿಗೇ ಗೊತ್ತಿಲ್ಲ.

ಭೂಮಿ ಕಾಪಾಡುತ್ತಾರಂತೆ! ಯಾರ ಭೂಮಿ, ಸ್ವಾಮಿ? ಆಕಾಶದ ಕಲ್ಲನ್ನು ನೋಡಿ ಬರಲು ಕೋಟಿಗಟ್ಟಲೆ ಮೈಲಿ ಹೋಗುವ ಕಾಲದಲ್ಲಿ, ಗೋಡೆ ಕಟ್ಟಿದವರು ನಮ್ಮ ಎತ್ತು ಕೂಡುವ ರೊಪ್ಪದವರೆಗೆ ಒಂದು ಮೈಲಿ ನಡೆದು ಬರಲಿಲ್ಲ.

ಬರಲಿಲ್ಲ, ನಿಜ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇಕೆ, ಗೋಡೆಗೆ ಮುಂಚೆ ಕಾವಲು ಅಳೆಯಲು ಜೀಪಿನಲ್ಲಿ ಬಂದವರು ಒಬ್ಬನನ್ನು ಕೇಳಿದ್ದರು. ಆಗ ಅಲ್ಲಿ ಹುಲ್ಲು ಮೊಣಕಾಲೆತ್ತರ ನಿಂತಿತ್ತು, ಒಂದು ದನವೂ ಇರಲಿಲ್ಲ. ತೆನೆ ಒಣಗಿ ಬೀಜ ಉದುರುವವರೆಗೆ ಅಲ್ಲಿಗೆ ದನ ಬಿಡಬಾರದೆಂದು ಕಿಲಾರಿಗಳ ಕಟ್ಟುಪಾಡು. ಬೀಜ ಬಿದ್ದರಲ್ಲವೇ ಮುಂದಿನ ಮಳೆಗೆ ಹುಲ್ಲು?

"ಇಲ್ಲಿ ಯಾರಾದ್ರೂ ಮೇಯಿಸ್ತಾರೇನ್ರಿ?" ಎಂದರು ಜೀಪಿನವರು. ನನಗಾಗ ಹೊಸ ನೌಕರಿ, ಹೊಸ ಬೂಟು. ಸಾಹೇಬರು ನನ್ನನ್ನೇ ಕೇಳಿದರೆಂಬ ಹಿಗ್ಗು ಬೇರೆ.

"ಯಾರೂ ಇಲ್ಲ ಸಾರ್, ಖಾಲಿ ಬಿದ್ದೈತೆ" ಅಂದುಬಿಟ್ಟೆ. ಅವರು ಬರೆದುಕೊಂಡರು.

ಗೋಡೆ ಎದ್ದ ಮೇಲೆ ಚಿಕ್ಕಪ್ಪ ಅದನ್ನು ಮುಟ್ಟಿ ಮುಟ್ಟಿ ನೋಡಿ, "ಬೀಜ ಉದುರ್ಲಿ ಅಂತ ಬಿಟ್ಟಿದ್ದೆ ಕಣ್ಲಾ, ಬ್ಯಾಡ ಅಂತ ಅಲ್ಲ" ಎಂದಿದ್ದ. ಆಗಲೂ ನಾನು ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಸರ್ಕಾರವನ್ನು ಬೈಯುತ್ತಾ ಬಂದೆ. ಬೈಯುವುದು ಸುಲಭ, ಸಂಬಳಕ್ಕೂ ಧಕ್ಕೆಯಿಲ್ಲ.

ಟಿವಿಯಲ್ಲಿ ಎಲ್ಲರೂ ಅಪ್ಪಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಚಿಕ್ಕಪ್ಪ, ಅವತ್ತು ಕಾವಲು ಖಾಲಿ ಐತೆ ಅಂದೋನು ನಾನೇ."

ಅವನು ತಟ್ಟೆ ಸರಿಸಿದ. ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ ಮುಂದೆ ಹೇಳಿ ಏನ್ ಬಂತು?" ಎಂದು ಕಂಬಳಿ ಹೆಗಲಿಗೆ ಹಾಕಿ ಎದ್ದ. "ನಡಿ, ತಾಲ್ಲೂಕಾಫೀಸ್ನಾಗೆ ಹೇಳು. ಇದನ್ನೂ ಬರ್ಕಳ್ಲಿ."