ಹಗೇವಿನ ಏಳು ಟೈರು

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಗುಲಾಮಹುಸೇನನ ಟೈರಿನ ಅಂಗಡಿ. ಅಂಗಡಿ ಅಂದರೆ ಒಂದು ತಗಡಿನ ಶೆಡ್ಡು, ಗಾಳಿ ಹೊಡೆಯುವ ಮಷೀನು, ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿ. ಮೂವತ್ತು ವರ್ಷದಿಂದ ಅವನು ಅಲ್ಲಿ ಕೂತು ಟೈರುಗಳನ್ನು ತಟ್ಟಿ, ಮೂಸಿ, ಉಗುರೂರಿ ನೋಡಿ ತೀರ್ಪು ಕೊಡುತ್ತಿದ್ದ. ಮೈಮೇಲೆ ರಬ್ಬರಿನ ಸಣ್ಣ ಕೂದಲು ನಿಂತಿದ್ದರೆ ಹೊಸದು. ಉಗುರಿನ ಗುರುತು ತಕ್ಷಣ ಮಾಯವಾದರೆ ಜೀವ ಇದೆ. ಬಿರುಕು ಬಿಟ್ಟಿದ್ದರೆ ಮುಗಿಯಿತು. ಕಂಪನಿಯವರು ಪಕ್ಕದ ಮೇಲೆ ಅಚ್ಚೊತ್ತಿದ ಅಂಕಿ ಅಕ್ಷರಗಳಲ್ಲಿ ಅಳತೆಯೊಂದನ್ನು ಬಿಟ್ಟು ಬೇರೇನನ್ನೂ ಅವನು ನೋಡುತ್ತಿರಲಿಲ್ಲ. ಕೈ ಹೇಳುವುದನ್ನು ಅಂಕಿ ಏನು ಹೇಳುತ್ತದೆ ಅನ್ನುವ ಜಂಬ. ಎಲ್ಲ ಮೇಸ್ತ್ರಿಗಳಿಗೂ ಈ ಜಂಬ ಇರುತ್ತದೆ ಬಿಡಿ, ಇವನಿಗೆ ಒಂದು ತೂಕ ಜಾಸ್ತಿ ಇತ್ತು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಕರಿಸಿದ್ದಪ್ಪ ಅವನ ಅಂಗಡಿಗೆ ಬಂದ. ಕರಿಸಿದ್ದಪ್ಪನ ಹತ್ತಿರ ಅವನ ಅಜ್ಜ ಕೊಂಡ ಡಾಡ್ಜ್ ಕಾರಿತ್ತು, ಐವತ್ತಾರರ ಮಾಡೆಲ್ಲು. ಊರಿನ ಅರ್ಧ ಮದುಮಕ್ಕಳು ಅದರಲ್ಲೇ ಮೆರೆದವರು. ಈಗ ಅದರ ನಾಲ್ಕೂ ಟೈರು ಬೋಳಾಗಿದ್ದವು, ಆ ಅಳತೆಯದು ಬಳ್ಳಾರಿ, ದಾವಣಗೆರೆ ಎಲ್ಲೂ ಸಿಗಲಿಲ್ಲ.

"ಹುಸೇನಸಾಬ್ರ, ನಿಮ್ಮ ಕೈಯಾಗ ಆಗಲಿಲ್ಲಂದ್ರ ಕಾರ್ ಗುಜರಿಗೇ" ಅಂದ.

ಅಷ್ಟು ಸಾಕಾಗಿತ್ತು. ಗುಲಾಮಹುಸೇನ ಹದಿನೈದು ದಿನ ಹುಡುಕಿ ಹಗರಿಬೊಮ್ಮನಹಳ್ಳಿಯ ಯರ್ರೆಪ್ಪನನ್ನು ಹಿಡಿದ. ಯರ್ರೆಪ್ಪ ಒಂದು ಕಾಲದಲ್ಲಿ ಟೈರು ಮಾರಿದವನು. ಅಂಗಡಿ ಮುಚ್ಚಿದಾಗ ಉಳಿದ ಮಾಲನ್ನು ಮನೆಯ ಅಂಗಳದ ಹಗೇವಿನಲ್ಲಿ, ಹಿರಿಯರು ಜೋಳ ತುಂಬಿಡುತ್ತಿದ್ದ ನೆಲದ ಗುಂಡಿಯಲ್ಲಿ, ಇಳಿಸಿ ಮೇಲೆ ಕಲ್ಲು ಮುಚ್ಚಿಬಿಟ್ಟಿದ್ದ. ಕಲ್ಲು ಸರಿಸಿದರೆ ಏಳು ಟೈರು. ಬಿಸಿಲು ಕಾಣದ, ಮಳೆ ಕಾಣದ, ಕಪ್ಪಗೆ ಮಿರಿಮಿರಿ ಮಿಂಚುವ ಟೈರು. ಮೈಮೇಲೆ ಕೂದಲು ಹಾಗೇ ಇತ್ತು.

"ನಮ್ಮಪ್ಪನ ಜ್ವಾಳ ಹತ್ತು ವರ್ಸ ಇದರಾಗ ಇತ್ರಿ. ಒಂದು ಕಾಳಿಗೆ ಹುಳ ಬೀಳಲಿಲ್ಲ" ಅಂದ ಯರ್ರೆಪ್ಪ.

ಈ ಸೀಮೆಯಲ್ಲಿ ಹುಟ್ಟಿದವನಿಗೆ ಹಗೇವಿನ ಮೇಲೆ ಅನುಮಾನ ಬರುವುದಿಲ್ಲ. ಗುಲಾಮಹುಸೇನ ಉಗುರೂರಿದ, ಗುರುತು ಮಾಯವಾಯಿತು. ಏಳನ್ನೂ ತಂದ. ನಾಲ್ಕನ್ನು ಕಾರಿಗೆ ಹಾಕಿ, ಒಂದನ್ನು ಡಿಕ್ಕಿಯಲ್ಲಿಟ್ಟ. ಇನ್ನೊಂದು ಅಂಗಡಿಯ ಗೋಡೆಗೆ ಒರಗಿತು. ಮತ್ತೊಂದನ್ನು ಮೈಲಾರಕ್ಕೆ ಮಂದಿ ಕರೆದೊಯ್ಯುತ್ತಿದ್ದ ಹಸಿರು ವ್ಯಾನಿನವನೊಬ್ಬ ಅಳತೆ ಸರಿ ಹೋಗುತ್ತದೆಂದು ಹಾಕಿಸಿಕೊಂಡು ಹೋದ.

ಕರಿಸಿದ್ದಪ್ಪ ಖುಷಿಯಾಗಿ, "ಮೊದಲ್ನೇ ಸವಾರಿ ನಿಮ್ಮ ಸೈಮಾಂದು" ಅಂದ. ಸೈಮಾ ಗುಲಾಮಹುಸೇನನ ಒಬ್ಬಳೇ ಮಗಳು. ಹೆರಿಗೆಗೆ ತವರಿಗೆ ಬಂದವಳು, ನಲವತ್ತು ದಿನ ತುಂಬಿ, ಹರಿಹರದ ಗಂಡನ ಮನೆಗೆ ಹೊರಟಿದ್ದಳು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಾರಿನ ತಲೆಯ ಮೇಲೆ ತೊಟ್ಟಿಲು ಕಟ್ಟಿದರು. ಒಳಗೆ ಪಾತ್ರೆ, ಗಂಟುಮೂಟೆ, ಸೈಮಾ, ಕೂಸು, ಜತೆಗೆ ಗುಲಾಮಹುಸೇನನ ಹೆಂಡತಿ ದಸ್ತಗೀರಬಿ. ಕರಿಸಿದ್ದಪ್ಪನೇ ಡ್ರೈವರು. ಓಣಿಯವರೆಲ್ಲ ಬಂದು ನೋಡಿದರು. ಗುಲಾಮಹುಸೇನ ಬಗ್ಗಿ ಒಂದೊಂದೇ ಟೈರು ತಟ್ಟಿ ಕಳಿಸಿದ. ಅವತ್ತು ಅವನಷ್ಟು ಸುಖಿ ಕೊಟ್ಟೂರಿನಲ್ಲಿ ಯಾರೂ ಇರಲಿಲ್ಲ.

ಕಾರು ಹೋಗಿ ಅರ್ಧ ಗಂಟೆಗೆ ಮಾರೇಶ್ ಬಂದ. ಬಳ್ಳಾರಿಯ ಟೈರು ಡೀಲರ ಕಡೆಯ ಹುಡುಗ, ತಿಂಗಳಿಗೊಮ್ಮೆ ಬೈಕಿನಲ್ಲಿ ಆರ್ಡರು ಕೇಳಲು ಬರುವವನು. ಗೋಡೆಗೆ ಒರಗಿದ ಟೈರನ್ನು ಕಂಡು ಕೂತು ಅದರ ಪಕ್ಕವನ್ನು ಬಟ್ಟೆಯಿಂದ ಒರೆಸಿದ.

"ಇದನ್ನ ಯಾರಿಗೂ ಹಾಕಬ್ಯಾಡ್ರಿ ಮಾಮಾ. ನೋಡ್ರಿ ಇಲ್ಲಿ, ಮೂರು ಎರಡು ಒಂಬತ್ತು. ಮೊದಲ್ನೇ ಎರಡು ಅಂಕಿ ವಾರ, ಕಡೀದು ವರ್ಸ. ಎರಡು ಸಾವಿರ ಇಸ್ವಿ ಆದಮ್ಯಾಲಿನವಕ್ಕ ನಾಕು ಅಂಕಿ ಇರ್ತಾವ. ಮೂರೇ ಅದಾವಂದ್ರ ಹಳೇ ಮಾಲು. ತೊಂಬತ್ತೊಂಬತ್ತರದು ಇರಬೇಕು, ಇಲ್ಲಾ ಎಂಬತ್ತೊಂಬತ್ತರದು."

"ಯರ್ರೆಪ್ಪ ಅಂಗಡಿ ಮುಚ್ಚಿದ್ದು ತೊಂಬತ್ತೊಂದರಾಗ" ಅಂದ ಗುಲಾಮಹುಸೇನ ಮೆಲ್ಲಗೆ.

"ಹಂಗಾರ ಹದಿನೈದು ವರ್ಸ ಆತು. ಕೂತಲ್ಲೇ ವಯಸ್ಸಾಗ್ತತಿ ಮಾಮಾ ರಬ್ಬರಿಗೆ. ಮ್ಯಾಲೆ ಚಂದ ಕಾಣ್ತತಿ, ಒಳಗ ಪದರ ಬಿಟ್ಟಿರ್ತತಿ. ಬಿಸಿಲಾಗ ಭಾರ ಹಾಕಿ ಓಡಿಸಿದ್ರ ಒಮ್ಮಿಗೇ ಹರೀತತಿ."

ಗುಲಾಮಹುಸೇನ ಟೈರಿನ ಬಾಯಿಗೆ ಎರಡೂ ಕೈ ಹಾಕಿ, ಮೊಣಕಾಲು ಕೊಟ್ಟು ಒಳಮೈ ಹಿಗ್ಗಿಸಿದ. ಒಳಗೆ ರಬ್ಬರು ನಾರಿನಿಂದ ಎದ್ದು, ಒಣಗಿದ ರೊಟ್ಟಿಯ ಪದರದಂತೆ ಬಿಟ್ಟುಕೊಂಡಿತ್ತು. ಮೂವತ್ತು ವರ್ಷ ಹೊರಗೆ ಉಗುರೂರಿದವನು ಏಳರಲ್ಲಿ ಒಂದರ ಒಳಗಾದರೂ ಕೈ ಹಾಕಿರಲಿಲ್ಲ.

"ನನ್ನ ಮಗಳು ಅದಾಳಪ್ಪ ಆ ಕಾರಿನಾಗ. ಕೂಸು ಐತಿ. ಬೈಕ್ ತಗಿ!"

ಹರಪನಹಳ್ಳಿ ರಸ್ತೆಯಲ್ಲಿ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು. ಹಿಂದೆ ಕೂತ ಗುಲಾಮಹುಸೇನ ರಸ್ತೆಯ ಎರಡೂ ಬದಿಯ ತಗ್ಗು ನೋಡುತ್ತ ಹೋದ. ದೂರದಲ್ಲಿ ಮಂದಿ ಗುಂಪು ಕಂಡರೆ ಕಣ್ಣು ಮುಚ್ಚುತ್ತಿದ್ದ. ಒಂದು ಕಡೆ ಗುಂಪು ಕಂಡಿದ್ದು ಬಸ್ಸಿಗೆ ಕಾದವರದು, ಮತ್ತೊಂದು ಕಡೆ ಕುರಿಯವರದು. ಬಾಯಲ್ಲಿ ಒಂದೇ ಸಮನೆ ಅಲ್ಲಾನ ಹೆಸರು. ನಡುವೆ ತನ್ನನ್ನೇ ತಾನು ಬೈದುಕೊಳ್ಳುತ್ತಿದ್ದ.

ಹರಪನಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ವಿಚಾರಿಸಿದರು.

"ಡಾಡ್ಜ್ ಕಾರಾ? ಈಗಷ್ಟೇ ಹೋತು ನೋಡ್ರಿ ತೆಲಿಗಿ ಕಡಿ. ಸಾಮಾನು ಬಾಳ ಐತಿ, ಗಾಳಿ ಗಟ್ಟಿ ಹೊಡಿ ಅಂದ್ರು. ನಾಕಕ್ಕೂ ಗಟ್ಟಿ ಹೊಡದೀನಿ" ಅಂದ ಆ ಪುಣ್ಯಾತ್ಮ, ಶಹಬ್ಬಾಸ್‌ಗಿರಿ ಸಿಗುತ್ತದೆ ಅನ್ನುವಂತೆ.

ಪದರ ಬಿಟ್ಟ ಟೈರಿಗೆ ಗಟ್ಟಿ ಗಾಳಿ ಬಿದ್ದರೆ ಇನ್ನೂ ಬೇಗ ಹರಿಯುತ್ತದೆ. ಮತ್ತೆ ಬೈಕು ಹತ್ತಲು ಮಾರೇಶ್ ಗುಲಾಮಹುಸೇನನ ತೋಳು ಹಿಡಿಯಬೇಕಾಯಿತು.

ತೆಲಿಗಿ ಇನ್ನೂ ಒಂದು ಮೈಲಿ ಇರುವಾಗ ಬೇವಿನ ಮರದ ಕೆಳಗೆ ತೊಟ್ಟಿಲು ಕಂಡಿತು. ತೊಟ್ಟಿಲಿನ ಕೆಳಗೆ ಕಾರು, ನೆಟ್ಟಗೆ ನಿಂತಿತ್ತು. ಕೂಸು ಅತ್ತಿತೆಂದು ಕರಿಸಿದ್ದಪ್ಪ ನಿಲ್ಲಿಸಿ, ಆಚೆ ಬೀಡಿ ಹಚ್ಚಿದ್ದ. ಸೈಮಾ ಒಳಗೆ ಹಾಲು ಕುಡಿಸುತ್ತಿದ್ದಳು.

ಗುಲಾಮಹುಸೇನ ಮಗಳ ಮುಖ ಸಹ ನೋಡದೆ ಹಿಂದಿನ ಎಡಗಾಲಿಯ ಹತ್ತಿರ ಮೊಣಕಾಲೂರಿದ. ಟೈರಿನ ಪಕ್ಕದಲ್ಲಿ ಲಿಂಬೆಕಾಯಿ ಗಾತ್ರದ ಉಬ್ಬು ಎದ್ದಿತ್ತು. ಕೈ ಇಟ್ಟರೆ ಸುಡುತ್ತಿತ್ತು. ಇನ್ನು ನಾಲ್ಕು ಮೈಲಿಯೋ, ಐದೋ ಓಡಿದ್ದರೆ ಹರಿಯುತ್ತಿತ್ತು. ಅವನು ಜೇಬಿನಿಂದ ಕೀಲಿ ತೆಗೆದು ವಾಲ್ವಿನ ಪಿನ್ನು ಕಿತ್ತ. ಗಾಳಿ ಬುಸ್ಸೆಂದು ಹೋಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಅಜ್ಜನ ಕಾಲದ ಕಾರು ನಿಧಾನವಾಗಿ ನೆಲಕ್ಕೆ ಕುಸಿಯಿತು. ಕರಿಸಿದ್ದಪ್ಪ, "ಏನ್ ಸಾಬ್ರ, ತಲಿ ಕೆಟ್ಟೈತೇನು?" ಎಂದು ಓಡಿ ಬಂದ. ಗುಲಾಮಹುಸೇನ ರಸ್ತೆಯಲ್ಲೇ ಕೂತು ಎದೆ ಎದೆ ಬಡಿದುಕೊಂಡು ಅತ್ತ.

ಮಾರೇಶ್ ಎಲ್ಲ ಬಿಡಿಸಿ ಹೇಳಿದ. ದಸ್ತಗೀರಬಿ ಗಂಡನಿಗೆ ನೀರು ಕುಡಿಸಿದಳು. ಸೈಮಾ ಕೂಸನ್ನು ತಂದು ಅಪ್ಪನ ತೊಡೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಕೂತಳು. ಆಮೇಲೆ ಅವಳೇ ಕೇಳಿದಳು.

"ಅಬ್ಬಾ, ಏಳು ಟೈರ್ ತಂದೀನಿ ಅಂದಿದ್ದೆಲ್ಲಾ. ಇಲ್ಲಿ ಐದು. ಅಂಗಡ್ಯಾಗ ಒಂದು. ಇನ್ನೊಂದು ಎಲ್ಲೈತಿ?"

ಕೂಸನ್ನು ತಟ್ಟುತ್ತಿದ್ದ ಅವನ ಕೈ ನಿಂತಿತು.

ಹಸಿರು ವ್ಯಾನು. ಮುಂದಿನ ಎಡಗಾಲಿ. ತಾನೇ ಬೋಲ್ಟು ಬಿಗಿದಿದ್ದ. ವ್ಯಾನಿನ ಒಳಗೆ ಮೈಲಾರಕ್ಕೆ ಹೊರಟ ಹೆಂಗಸರು, ಮಕ್ಕಳು, ಹಣೆ ತುಂಬ ಅರಿಶಿನದ ಭಂಡಾರ. ಡ್ರೈವರು ಹಡಗಲಿ ಕಡೆಯವನು ಅನ್ನುವುದು ಬಿಟ್ಟರೆ ಹೆಸರಿಲ್ಲ, ನಂಬರಿಲ್ಲ. ಹೊರಡುವಾಗ ಅವನು, "ಗ್ಯಾರಂಟಿ ಏನ್ರಿ?" ಅಂದಿದ್ದ. ಗುಲಾಮಹುಸೇನ ಟೈರಿನ ಮೇಲೆ ಅಂಗೈ ಬಡಿದು, "ಹತ್ತು ವರ್ಸ ಇದನ್ನ ಮರ್ತುಬಿಡು" ಅಂದಿದ್ದ.

ಸೈಮಾ ಬಸ್ಸಿನಲ್ಲಿ ಹರಿಹರ ಸೇರಿದಳು. ಗುಲಾಮಹುಸೇನ ಆರು ಟೈರನ್ನೂ ಕೊಡಲಿಯಿಂದ ಕಡಿದು ಹಾಕಿದ. ಮರುದಿನವೇ ಹಡಗಲಿಗೆ ಹೋದ. ಆಮೇಲೆ ಪ್ರತಿ ಭಾನುವಾರ ಹೋಗುತ್ತಾನೆ. ಹಡಗಲಿಯ ಸ್ಟ್ಯಾಂಡಿನಲ್ಲಿ, ಮೈಲಾರದ ಗುಡಿಯ ಮುಂದಿನ ಬಯಲಿನಲ್ಲಿ ಪ್ರತಿ ಹಸಿರು ವ್ಯಾನಿನ ಮುಂದಿನ ಎಡಗಾಲಿಯ ಹತ್ತಿರ ಬಗ್ಗಿ, ಬಟ್ಟೆಯಿಂದ ಒರೆಸಿ, ಕಡೆಯ ಅಂಕಿ ಓದುತ್ತಾನೆ. ಕೆಲವು ಡ್ರೈವರುಗಳು ಕಳ್ಳನೆಂದು ಬೈದರು, ಒಬ್ಬ ಕುತ್ತಿಗೆ ಹಿಡಿದು ನೂಕಿದ. ಈಗ ಅವರಿಗೂ ರೂಢಿಯಾಗಿದೆ.

ಓದು ಬರೆಹ ಅವನಿಗೆ ಅಷ್ಟಕ್ಕಷ್ಟೆ. ಹಾಗಾಗಿ ಬೆಳಿಗ್ಗೆ ಚಹದಂಗಡಿಯಲ್ಲಿ ಯಾರ ಕೈಯಲ್ಲಾದರೂ ಪೇಪರು ಕಂಡರೆ ಹತ್ತಿರ ಹೋಗಿ ನಿಲ್ಲುತ್ತಾನೆ. "ಹಡಗಲಿ ಕಡಿ ವ್ಯಾನ್ ಗೀನ್ ಮಗುಚೇತೇನ್ರಿ?" ಅನ್ನುತ್ತಾನೆ. ಎಂದಾದರೊಂದು ದಿನ ಅಂಥ ಸುದ್ದಿ ಇರುತ್ತದೆ. ಸತ್ತವರ ಹೆಸರು, ಊರು, ವಯಸ್ಸು ಎಲ್ಲ ಓದಿಸಿಕೊಂಡು ಕಡೆಗೆ ಅವನು ಒಂದೇ ಮಾತು ಕೇಳುತ್ತಾನೆ: "ವ್ಯಾನಿನ ಬಣ್ಣ ಬರ್ದಾರೇನು ನೋಡ್ರಿ." ಪೇಪರಿನವರು ಬಣ್ಣ ಬರೆದಿರುವುದಿಲ್ಲ.